ಖಜಾಂಚಿಯನ್ನು ಆಚೆ ಹಾಕಿದ ಪಂದ್ಯ

ಸ್ಪೊಕೇನ್, ಶನಿವಾರ

ಅಕ್ಕಾ,

ನಾನು ತರಬೇತಿ ಕೊಟ್ಟ ಹುಡುಗಿಯರು ಒಂದೇ ಪಾಯಿಂಟಿನಿಂದ ಸೋತರು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ, ಜ್ವರವಿಲ್ಲ, ಹೆದರಬೇಡ.

ನಮ್ಮ ಕಾಲೇಜಿನ ಖಜಾಂಚಿ ಥರ್ಲೊ ಕೂಡ ಬಂದಿದ್ದರು. ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸುರಿದ ದುಡ್ಡಿನಿಂದ ಕಾಲೇಜಿಗೆ ಬಂದದ್ದೇನು ಎಂದು ಅವರು ವರದಿ ಬರೆಯಬೇಕಿತ್ತು. ಅರ್ಧ ಆಟದವರೆಗೆ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಎದುರಾಳಿ ನಮ್ಮ ಪ್ರಿಸಿಲ್ಲಾಳನ್ನು ಕೆಡವಿದರೂ ರೆಫರಿ ಸೀಟಿ ಊದಲಿಲ್ಲ ನೋಡು, ಥರ್ಲೊ ಎದ್ದು ನಿಂತು, "ಕಣ್ಣು ಮನೇಲಿ ಬಿಟ್ಟು ಬಂದಿದ್ದೀಯೇನಯ್ಯಾ!" ಎಂದು ಅರಚಿದರು. ಸುಮ್ಮನಿರಿ ಎಂದರೂ ಕೇಳಲಿಲ್ಲ. ಕಾವಲಿನವರು ಅವರನ್ನು ಆಚೆ ಹಾಕಿದರು. ಉಳಿದ ಆಟವನ್ನು ನಮ್ಮ ಬಸ್ಸಿನಲ್ಲಿ, ಡ್ರೈವರ್ ಪಕ್ಕ ಕೂತು, ರೇಡಿಯೊದಲ್ಲಿ ಕೇಳಿದರಂತೆ.

ಆಮೇಲೆ ವಿಮಾನ ನಿಲ್ದಾಣಕ್ಕೆ ಬರುವಾಗ ಬಸ್ಸಿನಲ್ಲಿ ಧೈರ್ಯ ಮಾಡಿ ಕೇಳಿದೆ: "ವರದೀಲಿ ಏನು ಬರೀತೀರಿ ಸಾರ್?"

"ಬರೀ ಲುಕ್ಸಾನು, ತಂಡ ಮುಚ್ಚಬೇಕು ಅಂತ. ಲೆಕ್ಕ ಲೆಕ್ಕಾನೇ ಕಣಮ್ಮಾ."

ಅವರು ಕಿಟಕಿಯ ಕಡೆ ತಿರುಗಿ ಹೇಳಿದರು: "ಆಡಳಿತ ಮಂಡಳೀಲಿ ನಂದೂ ಒಂದು ಓಟಿದೆ. ಅದನ್ನ ನನ್ನ ವರದಿಗೆ ವಿರುದ್ಧ ಹಾಕ್ತೀನಿ."

ವಿಮಾನಕ್ಕೆ ಕರೆಯುತ್ತಿದ್ದಾರೆ.

ನಿನ್ನ ನಡೀನ್