ಅಪ್ಪನ ಶಕ್ತಿ ಮಾತ್ರೆ

ಅಪ್ಪಾ,

ನೀವು ತೀರಿಕೊಂಡು ಮೂರು ವರ್ಷವಾದ ಮೇಲೆ ಜಗಳ ಆಡಬೇಕೆನ್ನಿಸಿದೆ.

ನನಗೂ ಈಗ ಸಕ್ಕರೆ ಕಾಯಿಲೆ. "ಮನೆಯಲ್ಲಿ ಯಾರಿಗಾದರೂ ಇತ್ತಾ?" ಎಂದು ಡಾಕ್ಟರು ಕೇಳಿದಾಗ ಧೈರ್ಯವಾಗಿ "ಇಲ್ಲ" ಎಂದುಬಿಟ್ಟೆ. ನಾವು ಉಪವಾಸವಿದ್ದರೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದಂತೆ. ಅದು ಅತಿಯಾಗದಂತೆ ತಡೆಯಲು ಮಾತ್ರೆ ಕೊಟ್ಟರು.

ಇವತ್ತು ಅದನ್ನು ನೋಡಿ ಅಮ್ಮ, "ನಿಮ್ಮಪ್ಪನ ಶಕ್ತಿ ಮಾತ್ರೆ ಅಲ್ವೇನೇ ಇದು? ಹನ್ನೆರಡು ವರ್ಷ ನುಂಗಿದ್ರು" ಎಂದಳು. ನಿಮ್ಮ ಡ್ರಾಯರಿನಿಂದ ಹಳೆಯ ಸ್ಟ್ರಿಪ್ಪನ್ನೂ ತಂದಳು. ಎರಡರ ಮೇಲೂ ಒಂದೇ ಹೆಸರು.

ನಮ್ಮಿಬ್ಬರ ಕಣ್ಣಿಗೂ ಮಣ್ಣೆರಚಿದಿರಲ್ಲ. ಗೊತ್ತಿದ್ದರೆ ನಾನು ಎಂದೋ ರಕ್ತಪರೀಕ್ಷೆ ಮಾಡಿಸುತ್ತಿದ್ದೆ.

ಅಮ್ಮನಿಗೆ ನಿಜ ಹೇಳಿದೆ. ಅವಳು ನಿಮ್ಮನ್ನೇ ಕೇಳುವವಳಂತೆ ಅಂದಳು: "ದಿನಾ ಎರಡು ಚಮಚ ಸಕ್ಕರೆ ಹಾಕಿ ಕಾಫಿ ಕೊಡ್ತಿದ್ದೆ. ಒಂದಿನಾನಾದ್ರೂ ಬೇಡ ಅನ್ನಬಾರದಿತ್ತಾ?"