ಕ್ಯಾರಿಯರ್ ಮೇಲೆ ಕೂತವನು

ಜಯನಗರ, ಮೂರನೇ ಬ್ಲಾಕ್
14-7-1961

ತಿಮ್ಮರಾಯನಿಗೆ ಗಂಗಾಧರನ ನಮಸ್ಕಾರ.

ಇವತ್ತು ಆಫೀಸಿನಲ್ಲಿ ನನ್ನನ್ನು ಕಂಡು ಎದ್ದು ನಿಂತು "ಬನ್ನಿ ಸಾರ್" ಅಂದೆಯಲ್ಲ, ಇನ್ನೊಂದು ಸಲ ಹಾಗನ್ನಬೇಡ. ಸೀನಿಯಾರಿಟಿ ಪಟ್ಟಿಯಲ್ಲಿ ನನ್ನ ಹೆಸರು ಮೇಲೆ ಬಂದು, ಹೆಡ್ ಗುಮಾಸ್ತನ ಹುದ್ದೆ ನನಗೇ ಎಂದಾದ ಮೇಲೆ ನೀನು ನನ್ನ ಟಿಫನ್ ಡಬ್ಬಿಗೂ ಕೈ ಹಾಕಿಲ್ಲ.

ಹದಿಮೂರು ವರ್ಷದ ಹಿಂದೆ ಕೆಲಸಕ್ಕೆ ಸೇರುವ ದಿನ ಹೊಸಕೆರೆಹಳ್ಳಿಯಿಂದ ಇಬ್ಬರೂ ನಿನ್ನ ಸೈಕಲ್ಲಿನಲ್ಲೇ ಹೊರಟೆವು. ತುಳಿದವನು ನೀನು, ಕ್ಯಾರಿಯರ್ ಮೇಲೆ ಕೂತವನು ನಾನು. ನಿಮ್ಮಮ್ಮ ಕಟ್ಟಿಕೊಟ್ಟ ಚಿತ್ರಾನ್ನ ನನ್ನ ತೊಡೆಯ ಮೇಲೆ ಇನ್ನೂ ಬಿಸಿಯಾಗಿತ್ತು. ಗವಿಪುರದ ಹತ್ತಿರ ಪಂಕ್ಚರ್ ಆಯಿತು. "ನೀನ್ ಓಡೋಗಿ ರುಜು ಹಾಕು, ನಾನ್ ತಳ್ಕೊಂಡ್ ಬರ್ತೀನಿ" ಅಂದೆ ನೀನು. ನಾನು ಓಡಿದೆ. ನೀನು ಬಂದು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿ, ನಿನ್ನ ಸೇವೆಯನ್ನು ಮರುದಿನದಿಂದ ಬರೆದುಕೊಂಡರು. ಆವತ್ತು ಇಬ್ಬರೂ ನಕ್ಕೆವು.

ಆ ಒಂದು ದಿನವೇ ಈಗ ನನ್ನನ್ನು ಮೇಲೆ ಕೂರಿಸಿದೆ. ಆದರೆ ಸೀನಿಯಾರಿಟಿಗೆ ಲೆಕ್ಕ ಹಿಡಿಯಬೇಕಾದ ನೇಮಕದ ಆರ್ಡರಿನಲ್ಲಿ ನಿನ್ನ ಹೆಸರೇ ಮೊದಲಿತ್ತು. ಅದರ ಪ್ರತಿ ನನ್ನ ಟ್ರಂಕಿನಲ್ಲಿ ಸಿಕ್ಕಿತು, ಜೊತೆಗಿಟ್ಟಿದ್ದೇನೆ. ಆಕ್ಷೇಪಣೆ ಕೊಡಲು ಸೋಮವಾರವೇ ಕಡೆಯ ದಿನ. ಅರ್ಜಿಯನ್ನು ನಾನೇ ಬರೆದಿದ್ದೇನೆ, ನೀನು ರುಜು ಹಾಕಿದರೆ ಸಾಕು. ನನ್ನ ಹೆಂಡತಿ ಜಯಾಗೂ ಹೇಳಿದೆ. ಅರ್ಜಿಯನ್ನು ಎರಡು ಸಲ ಓದಿದಳು. ಆಮೇಲೆ ಲಕೋಟೆಗೆ ಅಂಟು ತಂದಿಟ್ಟಳು.

ಸೋಮವಾರ ಬೆಳಿಗ್ಗೆ ನನ್ನ ಸೈಕಲ್ ತೆಗೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಈ ಸಲ ನೀನು ಹಿಂದೆ ಕೂತುಕೋ, ನಾನು ತುಳಿಯುತ್ತೇನೆ. ಪಂಕ್ಚರ್ ಆದರೆ ಇಬ್ಬರೂ ತಳ್ಳಿಕೊಂಡು ಹೋಗೋಣ.

ನಿನ್ನ
ಗಂಗಾಧರ