ಅಂಜೂರದ ಬುಡದ ಜಾಡಿ

ಪ್ಲಟಾನಾಕಿ,
ಸಂತ ದಿಮಿತ್ರಿಯ ಹಬ್ಬದ ಮರುದಿನ, ೧೯೮೪

ಪ್ರೀತಿಯ ಅಕ್ಕ ಗರೂಫಲ್ಯಾಳಿಗೆ ತಂಗಿ ಸ್ಟಮಾತಾಳ ನಮಸ್ಕಾರಗಳು.

ನಿನ್ನೆ ಊಟವಾದ ಮೇಲೆ ಸ್ವಲ್ಪ ಅಡ್ಡಾಗಿದ್ದೆ, ಕೆಟ್ಟ ಕನಸು ಬಿತ್ತು. ಪ್ರಾಣ ಒಯ್ಯುವ ಖಾರೋಸ ಕರೀ ಕೋಟು ತೊಟ್ಟು ಬಂದು ನಮ್ಮ ಹೊಸಿಲ ಮೇಲೆ ಒಂದು ಮಣ್ಣಿನ ಜಾಡಿ ಇಟ್ಟ. "ಇದು ಯಾರದು, ಬೇಗ ಹೇಳಿ, ಇನ್ನೂ ನಾಲ್ಕು ಊರು ತಿರುಗೋದಿದೆ" ಎಂದು ಅಂಚೆಯವನ ಹಾಗೆ ಅವಸರ ಮಾಡಿದ. ನನ್ನದು ಅನ್ನಲು ಬಾಯಿ ಬರಲಿಲ್ಲ, ನನ್ನದಲ್ಲ ಅನ್ನಲೂ ಬರಲಿಲ್ಲ. ಎದ್ದವಳೇ ಪೆನ್ನು ಹುಡುಕಿದೆ. ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಬೇಸಿಗೆಯಿಂದ ನನ್ನ ತಲೆ ನೆಟ್ಟಗಿಲ್ಲ. ಮೆಲ್ಬರ್ನಿನಲ್ಲಿ ನಿನ್ನ ಮಂಡಿನೋವು ಹೇಗಿದೆ?

ಅಪ್ಪನ ಅಂಜೂರದ ಹೊಲದಲ್ಲಿ ನನ್ನ ಗಂಡ ಲಾಂಬ್ರೋಸ್ ನೀರಿನ ತೊಟ್ಟಿಗೆಂದು ಅಗೆಸಿದ. ಯಂತ್ರದ ಹಲ್ಲಿಗೆ ಜಾಡಿಯೊಂದು ತಗುಲಿತು. ಒಳಗೆ ಹಸುಗೂಸಿನ ಎಲುಬು. ನೆರೆಮನೆಯ ಸ್ತಾಥಿಸ್ ಬೇಲಿಯಾಚೆಯಿಂದ ಕೂಗಿದ, "ಮುಚ್ಚೋ ಮಾರಾಯಾ! ಮ್ಯೂಸಿಯಂನೋರ ಕಿವಿಗೆ ಬಿದ್ರೆ ನಿನ್ನ ಮೊಮ್ಮಕ್ಕಳಿಗೂ ತೊಟ್ಟಿ ಆಗಲ್ಲ. ನಾನು ಕಕ್ಕಸು ಗುಂಡಿ ತೋಡಿ ಅನುಭವಿಸಿದೀನಿ."

ಲಾಂಬ್ರೋಸ್ ಟೋಪಿ ತೆಗೆದು ನೆಲಕ್ಕೆ ಬಡಿದ. "ಎಲ್ಲಿ ಗುದ್ದಲಿ ಇಟ್ರೂ ಒಬ್ಬ ಪುರಾತನ ಮುತ್ತಾತ ಎದ್ದು ಕೂತ್ಕೋತಾನೆ! ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ ಇವರಿಗೆ?" ಯಂತ್ರದವನು ಮಾತ್ರ ಹೆದರಿ ಪೊಲೀಸರಿಗೆ ಹೇಳಿಬಿಟ್ಟ.

ಅದೇ ಹೊಲ, ಅಕ್ಕ. ದೀಕ್ಷಾಸ್ನಾನವಾಗದ ಕೂಸಿಗೆ ಚರ್ಚಿನ ಅಂಗಳದಲ್ಲಿ ಜಾಗವಿಲ್ಲವೆಂದು ಅಪ್ಪ ನನ್ನ ಚೊಚ್ಚಲನ್ನು ಎಣ್ಣೆಯ ಜಾಡಿಯಲ್ಲಿಟ್ಟು ಒಯ್ದದ್ದು ಅಲ್ಲಿಗೇ. ಎಲ್ಲಿ ಹೂತೆನೆಂದು ಸಾಯುವವರೆಗೂ ಬಾಯಿ ಬಿಡಲಿಲ್ಲ.

ಮ್ಯೂಸಿಯಂನಿಂದ ಕ್ಲಿಯೋ ಎಂಬ ಹುಡುಗಿ ಬಂದಳು. ನಾನು ಚಮಚೆಯಲ್ಲಿ ಹಾಕಿಕೊಟ್ಟ ಹಣ್ಣಿನ ಪಾಕವನ್ನು ಪೂರ್ತಿ ತಿಂದಳು, ಒಳ್ಳೆಯವಳೇ. ಕುಂಚದಲ್ಲಿ ಮಣ್ಣು ಒರೆಸುತ್ತ, "ಎರಡು ಸಾವಿರ ವರ್ಷಕ್ಕೂ ಹಳೇದಮ್ಮ ಇದು. ಆಗಿನೋರು ಎಳೇ ಕೂಸುಗಳನ್ನ ಹೀಗೇ ಜಾಡೀಲಿಟ್ಟು ಹೂಳ್ತಿದ್ರು" ಅಂದಳು.

"ಆಗಿನೋರು ಯಾಕೆ ಮಗಳೇ, ನಾವೂ ಹಾಗೇ ಮಾಡ್ತಿದ್ವಲ್ಲ."

ಅವಳ ಕಣ್ಣು ಅರಳಿತು. "ಹೌದಾ! ನೋಡಿ, ಅದು ಅವರಿಂದ್ಲೇ ನಿಮಗೆ ಬಂದಿರ್ಬೇಕು. ಜಾಡಿ ಆಕಾರಾನೂ ಹೆಚ್ಚು ಬದಲಾಗಿಲ್ಲ. ಆ ಜನ ನಿಮ್ಮಲ್ಲಿ ಇನ್ನೂ ಬದುಕಿದಾರೆ!"

ಅವಳಿಗೆ ಖುಷಿ. ನನಗೆ ಬೇರೆಯೇ ಚಿಂತೆ. ಪದ್ಧತಿಯೂ ಅದೇ, ಆಕಾರವೂ ಅದೇ ಆದರೆ ಅವರದು ಯಾವುದು, ನನ್ನದು ಯಾವುದು ಎಂದು ಇವಳಿಗೆ ಹೇಗೆ ತಿಳಿಯಿತು? ಕೇಳಲು ಬಾಯಿ ತೆರೆದೆ. ಲಾಂಬ್ರೋಸ್ ನನ್ನ ಮೊಣಕೈ ಹಿಂಡಿದ.

ಜರ್ಮನರು ಬಂದು ಶಾಲೆ ಮುಚ್ಚಿದಾಗ ನಾನಿನ್ನೂ ಕೂಡಿಸುವ ಲೆಕ್ಕದಲ್ಲಿದ್ದೆ. ಆ ಹಳಬರೆಂದರೆ ಮೂಗು ಮುರಿದ ಅಮೃತಶಿಲೆಯ ಗಂಡಸರು ಅಂತಲೇ ತಿಳಿದಿದ್ದೆ. ಅವರ ಮನೆಯಲ್ಲೂ ಹಾಲು ಕುಡಿಯುವ ಕೂಸುಗಳಿದ್ದವು, ಸಾಯುತ್ತಿದ್ದವು, ಒಬ್ಬ ಅಪ್ಪ ಜಾಡಿ ಹುಡುಕುತ್ತಿದ್ದ ಎಂದು ತಲೆಗೇ ಹೊಳೆದಿರಲಿಲ್ಲ. ಈಗ ಆ ಕಾಲದ ಆ ತಾಯಿಯನ್ನೂ ನೆನೆಯುತ್ತೇನೆ. ಒಂದೊಂದು ದಿನ ಅದು ಅವಳದೇ ಇರಲಿ ಅನ್ನಿಸುತ್ತದೆ. ಮರುದಿನ ಅದು ನನ್ನದಾಗಿರಲಿ, ಒಮ್ಮೆ ನೋಡಿದಂತಾಯಿತಲ್ಲ ಅನ್ನಿಸುತ್ತದೆ.

ಜಾಡಿಯನ್ನು ಮ್ಯೂಸಿಯಂಗೆ ಒಯ್ದರು, ಈಸ್ಟರ್‌ಗೆ ಮುಂಚೆ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಶಾಲೆಯ ಮಕ್ಕಳು ಕಡಲೆ ತಿನ್ನುತ್ತ ನೋಡುತ್ತಾರೆ. ತಡೆಯಲಾರದೆ ಪಾದ್ರಿಯ ಹತ್ತಿರ ಹೋಗಿ ಆ ಕೂಸಿಗೊಂದು ಪ್ರಾರ್ಥನೆ ಓದಿ ಎಂದೆ. "ವಿಗ್ರಹ ಪೂಜೆಯೋರ ಕೂಸಾದ್ರೆ ನಾನೇನಮ್ಮ ಓದಲಿ? ನಿನ್ನದಾದ್ರೆ ಓದ್ತೀನಿ, ನಾನೇ ಹೋಗಿ ಕೇಳಿ ತರ್ತೀನಿ. ಮೊದಲು ಯಾರದು ಅಂತ ಗೊತ್ತುಮಾಡ್ಕೊಂಡು ಬಾ" ಅಂದರು.

ಯಾರನ್ನು ಕೇಳಲಿ? ಲಾಂಬ್ರೋಸ್, "ಮೂವತ್ತು ವರ್ಷ ಆಯ್ತಲ್ಲೇ, ಮಣ್ಣಾಗಿರುತ್ತೆ, ಸುಮ್ನಿರು" ಅನ್ನುತ್ತಾನೆ. ಆಮೇಲೆ ತಾನೇ ಹೋಗಿ ಆ ಗುಂಡಿಯ ಅಂಚಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿರುತ್ತಾನೆ. ಕೂಸು ಹುಟ್ಟಿದಾಗ ಅವನು ಹಡಗಿನಲ್ಲಿದ್ದ, ಪಾಪ.

ಅಪ್ಪ ಜಾಡಿ ಒಯ್ದಾಗ ಜೊತೆಗೆ ಹೋದವಳು ನೀನೊಬ್ಬಳೇ. ಅಂಜೂರದ ಬುಡವೋ, ಕಲ್ಲುಗೋಡೆಯ ಪಕ್ಕವೋ, ಅಷ್ಟು ಬರೆ. ಪವಿತ್ರ ಮಾತೆ ನಿನ್ನನ್ನೂ ಮೊಮ್ಮಕ್ಕಳನ್ನೂ ತಣ್ಣಗಿಟ್ಟಿರಲಿ. ನಿನ್ನ ಮಂಡಿಗೆ ಬೆಚ್ಚಗೆ ಕಟ್ಟಿಕೋ.

ನಿನ್ನ ತಂಗಿ,
ಸ್ಟಮಾತಾ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಪಾದ್ರಿ ಇನ್ನೊಂದು ಮಾತು ಹೇಳಿದರು. ಕೂಸಿಗೆ ಒಂದೇ ಉಸಿರು ಇದ್ದರೂ ಸಾಕಿತ್ತಂತೆ. ಯಾರಾದರೂ ಅದನ್ನು ಗಾಳಿಯಲ್ಲಿ ಮೂರು ಸಲ ಎತ್ತಿ ಹೆಸರು ಕರೆದಿದ್ದರೆ ಅದೇ ದೀಕ್ಷಾಸ್ನಾನ, ಚರ್ಚಿನ ಅಂಗಳದಲ್ಲೇ ಮಲಗಬಹುದಿತ್ತಂತೆ. ಸತ್ತೇ ಹುಟ್ಟಿತು ಅಂದಿದ್ದಳು ಅಮ್ಮ. ಆದರೆ ನನಗೆ ಒಂದು ಅಳು ಕೇಳಿಸಿತ್ತು. "ಏನದು?" ಅಂದೆ. ನನ್ನ ತಲೆ ಹಿಡಿದು ಕೂತಿದ್ದ ನೀನು, "ಬೆಕ್ಕು ಕಣೇ, ಮಲಕ್ಕೋ" ಅಂದೆ. ಜರ್ಮನರ ಕಾಲದ ಬರಗಾಲದ ಆ ಚಳಿಗಾಲ ಕಳೆದ ಮೇಲೆ ನಮ್ಮ ಮನೆಯಲ್ಲಿ ಮತ್ತೆಂದೂ ಬೆಕ್ಕೇ ಇರಲಿಲ್ಲವೆಂದು ನನ್ನ ನೆನಪು. ನನ್ನ ನೆನಪು ಕೆಟ್ಟದ್ದು, ನಿನಗೆ ಗೊತ್ತು. ಇನ್ನೊಂದು ಸಲ ಯೋಚಿಸಿ ನೋಡು ಅಕ್ಕ: ಆಗ ಬೆಕ್ಕು ಇತ್ತೇ?